ಬೆರಕೆ ಮುಟ್ಟದ ಸಾವುಕಾರರು

ಚಾಮರಾಜನಗರದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಅರಿಶಿನದ ಸಾವುಕಾರರೊಬ್ಬರಿದ್ದರು. ಜಗಲಿಯಲ್ಲಿ ಕೂತು, ರೈತರು ತಂದ ಅರಿಶಿನದ ಕೊಂಬನ್ನು ಟಕ್ಕೆಂದು ಮುರಿದು, ಒಳಗಿನ ಬಣ್ಣ ನೋಡಿ, "ಬೆರಕೆ ಅಂದ್ರೆ ನಂಗಾಗಲ್ಲ ಕಣಪ್ಪ" ಅನ್ನುತ್ತಿದ್ದರು. ಸರಕಿಗೆ ಹೇಳುವ ಈ ಮಾತನ್ನೇ ನೆಂಟಸ್ತನಕ್ಕೂ ಹೇಳುತ್ತಿದ್ದರು.

ಅಂಥವರು ಮೈಸೂರಿನಿಂದ ಗುಂಗುರು ಕೂದಲಿನ ಲ್ಯಾಬ್ರಡೂಡಲ್ ನಾಯಿಮರಿಯೊಂದನ್ನು ತಂದರು. ತಿಂಗಳುಗಟ್ಟಲೆ ಮೊಬೈಲಿನಲ್ಲಿ ನೋಡಿ ಆರಿಸಿದ್ದಂತೆ. "ಇದ್ರ ಕೂದ್ಲು ಉದುರಲ್ಲ ಮೇಷ್ಟ್ರೇ" ಎಂದು ನನಗೆ ಹೇಳುವಾಗ ಅವರ ಬಿಳಿ ಪಂಚೆಯ ತುಂಬ ಕಂದು ಕೂದಲಿತ್ತು.

ಒಂದು ಬೆಳಿಗ್ಗೆ ನಾನು ಅವರ ಜಗಲಿಯಲ್ಲಿ ಪೇಪರು ಓದುತ್ತಿದ್ದಾಗ ಕುದೇರಿನ ರೈತರೊಬ್ಬರು ಬಂದರು. ಅವರ ಮಗನೂ ಸಾವುಕಾರರ ಮಗಳೂ ಮದುವೆಯಾಗುತ್ತೇವೆಂದು ಹಟ ಹಿಡಿದಿದ್ದರು, ಇಬ್ಬರದೂ ಬೇರೆ ಬೇರೆ ಜಾತಿ. ರೈತರು ಬಾಯಿ ತೆರೆಯುವ ಮೊದಲೇ ಸಾವುಕಾರರು "ಬೆರಕೆ ಅಂದ್ರೆ ನಂಗಾಗಲ್ಲ" ಎಂದುಬಿಟ್ಟರು.

ರೈತರು ಎದ್ದು ಹೋಗಲಿಲ್ಲ. ಕಾಲು ಮೂಸುತ್ತಿದ್ದ ನಾಯಿಯ ತಲೆ ಸವರಿ ಕೇಳಿದರು: "ಇದ್ಯಾವ ಜಾತಿ ಸಾವ್ಕಾರ್ರೇ?"

ಸಾವುಕಾರರ ಮುಖ ಅರಳಿತು. "ಒಂದ್ ಜಾತಿ ಅಲ್ಲ ಕಣಪ್ಪ, ಎರಡು ಜಾತಿ ಸೇರ್ಸಿರೋದು. ಅಪ್ಪ ಪೂಡಲ್, ಅವ್ವ ಲ್ಯಾಬ್ರಡಾರ್. ಅಪ್ಪನ ಬುದ್ಧಿ, ಅವ್ವನ ಗುಣ, ಎರಡೂ ಬತ್ತವೆ. ಒಂದೇ ಜಾತೀಲೇ ಮರಿ ಹಾಕಿಸ್ತಿದ್ರೆ ಕಾಯಿಲೆ ಜಾಸ್ತಿ."

"ನಾನೂ ಅದ್ನೇ ಏಳಕ್ ಬಂದಿದ್ದು" ಅಂದರು ರೈತರು.

ಸಾವುಕಾರರು ಕೊಂಬೊಂದನ್ನು ಕೈಗೆತ್ತಿಕೊಂಡು ಮುರಿದರು. ಒಳಗಿನ ಬಣ್ಣ ನೋಡುವುದನ್ನು ಮರೆತರು.