ಬೇರೆಯವರ ಮಾತು ಮುಗಿಸುವವನು

ಸಾಗರದಲ್ಲಿ ವೆಲ್ಡಿಂಗ್ ಶಾಪ್ ಇಟ್ಟಿರುವ ಕೆರಿಯಪ್ಪನ ಮಗ ಕಿರಣ ಎದುರು ಬಂದರೆ ಜನ ಬಾಯಿ ಮುಚ್ಚಿಕೊಳ್ಳುತ್ತಾರೆ, ಏಕೆಂದರೆ ಯಾರು ಮಾತು ತೆಗೆದರೂ ಅದನ್ನು ಅವನೇ ಮುಗಿಸಿಬಿಡುತ್ತಾನೆ. ಎಂಬಿಎ ಪ್ರವೇಶ ಪರೀಕ್ಷೆಯಲ್ಲಿ ಅರ್ಧಕ್ಕೆ ನಿಂತ ಪ್ಯಾರಾ ಕೊಟ್ಟು, ನಾಲ್ಕು ಸಾಲುಗಳಲ್ಲಿ ಯಾವುದು ಕೊನೆಗೆ ಹೊಂದುತ್ತದೆ ಎಂದು ಕೇಳುತ್ತಾರೆ. ಎರಡು ಸಲ ಅಲ್ಲೇ ಮುಗ್ಗರಿಸಿದ ಈ ಪುಣ್ಯಾತ್ಮ ಈಗ ಊರನ್ನೇ ಪ್ರಶ್ನೆಪತ್ರಿಕೆ ಮಾಡಿಕೊಂಡಿದ್ದಾನೆ. ತಾಲ್ಲೂಕು ಕಚೇರಿಯ ಗುಮಾಸ್ತ "ಸಾಹೇಬ್ರು ಈಗ..." ಎನ್ನುವಷ್ಟರಲ್ಲಿ ಇವನು "ಮೀಟಿಂಗಲ್ಲಿದಾರೆ, ನಾಳೆ ಬನ್ನಿ" ಎನ್ನುತ್ತಾನೆ, ಉಳುವ ಜಮೀನಿನ ಹಕ್ಕಿಗೆ ಬಗರ್‌ಹುಕುಂ ಅರ್ಜಿ ಹಿಡಿದು ಅಲೆದವರಿಗೆ ಈ ಉತ್ತರ ಯಾವ ಕೋಚಿಂಗೂ ಇಲ್ಲದೆ ಬರುತ್ತದೆ, ಆ ಮಾತು ಬೇರೆ. ಗಂಡ ಸತ್ತ ಪಕ್ಕದ ಮನೆಯ ವರದಮ್ಮ "ಬೆಳಿಗ್ಗೆ ಎದ್ದು ಕಾಫಿ ಕುಡಿದ್ರು, ಆಮೇಲೆ..." ಎಂದು ಬಿಕ್ಕಿದಾಗಲೂ ಇವನ ತುಟಿ ಅಲುಗಿತು. "ಥೂ, ಅವ್ರಿಗೆ ಅಳೋಕಾದ್ರೂ ಬಿಡೋ!" ಎಂದು ತಾಯಿ ತಿವಿದಳು. ಅವನದೊಂದೇ ಮಂತ್ರ: "ಮಾತಾಡೋರ ಧಾಟಿ ನೋಡ್ಬೇಕು, ಉತ್ರ ಅದ್ರಲ್ಲೇ ಇರ್ತದೆ." ಕೆರಿಯಪ್ಪನ ಧಾಟಿಯಂತೂ ಊರಿಗೇ ಗೊತ್ತು, ಬೈಯದೆ ಕುಡಿಯಲು ನೀರೂ ಕೇಳದ ಮನುಷ್ಯ. ಮೂರನೇ ಸಲ ಪರೀಕ್ಷೆಗೆ ಹೊರಟ ಮಗನನ್ನು ಬಾಗಿಲಲ್ಲಿ ತಡೆದು "ನೋಡೋ, ಈ ಸಲನೂ ಆಗ್ಲಿಲ್ಲ ಅಂದ್ರೆ..." ಎಂದವನಿಗೆ ಕೆಮ್ಮು ಬಂತು. ಕಿರಣ ತಲೆ ತಗ್ಗಿಸಿ ತಾನೇ ಮುಗಿಸಿದ: "ಪುಸ್ತಕ ಒಲೆಗೆ ಹಾಕಿ ವೆಲ್ಡಿಂಗಿಗೆ ಕೂರ್ತೀನಿ ಅಪ್ಪಾ." ಕೆರಿಯಪ್ಪ ಕೆಮ್ಮು ನುಂಗಿಕೊಂಡು ಗದರಿದ: "ತಪ್ಪು ಕಣೋ ಮುಂಡೇದೆ! ಇನ್ನೊಂದ್ ಸಲ ಬರಿ ಅಂತ ಹೇಳೋನಿದ್ದೆ."