ಬೈಯದ ಬಲ್ಬು

ಗಂಗಮ್ಮ ಮಿಸ್ ಪಾಠದ ಹೊತ್ತಿನಲ್ಲಿ ಯಾರಿಗೂ 'ಸರಿ' ಎಂದವರಲ್ಲ, 'ತಪ್ಪು' ಎಂದವರೂ ಅಲ್ಲ. ಮಗು ಉತ್ತರ ಹೇಳಿ ಅವರ ಮುಖ ನೋಡಿದರೆ, "ನನ್ನ ಮೊಕದಲ್ಲೇನೈತೆ? ಬಲ್ಬನ್ನ ಕೇಳು," ಎನ್ನುತ್ತಿದ್ದರು.

ತುಮಕೂರಿನ ಉಪ್ಪಾರಹಳ್ಳಿಯಲ್ಲಿ ನಮ್ಮ ಎದುರು ಮನೆಯವರು. ದಿನಾ ಬಸ್ಸು ಹಿಡಿದು ಗುಬ್ಬಿ ಹತ್ತಿರದ ಒಂದು ಸರ್ಕಾರಿ ಶಾಲೆಗೆ ಹೋಗುತ್ತಿದ್ದರು. ನಾನು ಅಂತರಸನಹಳ್ಳಿಯಲ್ಲಿ ಮೋಟಾರ್ ವೈಂಡಿಂಗ್ ಮಾಡುವವನು. ಆರನೇ ಕ್ಲಾಸಿನಲ್ಲಿ ಒಂದು ತಪ್ಪು ಉತ್ತರಕ್ಕೆ ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿದರು, ಇಡೀ ಕ್ಲಾಸು ನಕ್ಕಿತು. ಮಾರನೇ ದಿನದಿಂದ ನಾನು ಹೋಗಲಿಲ್ಲ. ಆದರೆ ನಾನು ತಂತಿ ಸುತ್ತಿದ ಮೋಟಾರು ರಿಪೇರಿಗೆಂದು ವಾಪಸ್ ಬಂದದ್ದಿಲ್ಲ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ತೊಂಬತ್ತರ ದಶಕದಲ್ಲಿ ಒಂದು ಭಾನುವಾರ ಮಿಸ್ ಪ್ಲೈವುಡ್ ಹಲಗೆ ಹೊತ್ತು ಬಂದರು. "ಬಾಷಣ್ಣ, ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. ಎರಡು ತಂತಿ ಸರಿಯಾಗಿ ಮುಟ್ಟಿಸಿದ್ರೆ ಬಲ್ಬ್ ಹತ್ತಬೇಕು. ಮಾಡ್ಕೊಡ್ತೀರಾ?"

"ಸರಿ ತಪ್ಪು ನೀವೇ ಹೇಳಬಹುದಲ್ಲ ಮಿಸ್?"

"ನಾನು ಹೇಳಿದ್ರೆ ಮಕ್ಳು ಹೆದರ್ತವೆ. ಬಲ್ಬು ಬೈಯಲ್ಲ ನೋಡಿ."

ಆ ಮಾತು ನನ್ನೊಳಗೆ ಎಲ್ಲೋ ತಾಗಿತು. ಪ್ರಶ್ನೆ, ಉತ್ತರಗಳ ಪಕ್ಕ ಮೊಳೆ ಹೊಡೆದು, ಒಂದೊಂದು ಮೊಳೆಯ ಹಿಂದೆಯೂ ತಂತಿಗೆ ಗಟ್ಟಿಯಾಗಿ ಬೆಸುಗೆ ಹಾಕಿ ಕೊಟ್ಟೆ.

ವಾರ ಕಳೆಯುವುದರೊಳಗೆ ಹಲಗೆ ವಾಪಸ್ ಬಂತು. ನನ್ನ ಕೆಲಸ ವಾಪಸ್! "ಏನ್ ಕೆಟ್ಟೋಯ್ತು?" ಎಂದೆ ಸಿಡುಕಿನಿಂದ.

"ಕೆಟ್ಟಿಲ್ಲ. ಮಕ್ಳು ಪ್ರಶ್ನೆ ಓದೋದೇ ಬಿಟ್ಟವ್ರೆ. ಮೇಲಿಂದ ಮೂರನೇದಕ್ಕೆ ಕೆಳಗಿಂದ ಎರಡನೇದು ಅಂತ ಜಾಗ ಬಾಯಿಪಾಠ ಮಾಡವ್ರೆ!" ಎಂದು ಹೊಟ್ಟೆ ಹಿಡಿದು ನಕ್ಕರು. ನನ್ನ ಮುಖ ಸಣ್ಣದಾದದ್ದು ಕಂಡು, "ಆಯ್ತು ಬುಡಿ ಬಾಷಣ್ಣ, ನಾನೇನ್ ಬೈದ್ನಾ?" ಎಂದರು.

ಬೆಸುಗೆಯನ್ನೆಲ್ಲ ಕಿತ್ತು, ಉತ್ತರದ ಚೀಟಿಗಳ ಜೊತೆ ಹಲಗೆಯ ಹಿಂದಿನ ತಂತಿಗಳನ್ನೂ ದಿನಾ ಬೆಳಿಗ್ಗೆ ಬದಲಾಯಿಸಲು ಬರುವಂತೆ ಕ್ಲಿಪ್ಪು ಕೂರಿಸಿದೆ. ಆ ಹಲಗೆ ಮತ್ತೆ ನನ್ನ ಬಳಿ ರಿಪೇರಿಗೆ ಬರಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಅವರ ಶಾಲೆಗೆ ಕಂಪ್ಯೂಟರ್ ಬಂತು. ಹೆಡ್ ಮೇಷ್ಟ್ರು ಕುಂಕುಮ ಹಚ್ಚಿ, ಬಟ್ಟೆ ಹೊದಿಸಿ, ಕೋಣೆಗೆ ಬೀಗ ಜಡಿದರು. ಮಕ್ಕಳು ಚಪ್ಪಲಿ ಬಿಟ್ಟು ಕಿಟಕಿಯಿಂದ ದರ್ಶನ ಮಾಡಬಹುದಿತ್ತು, ಅಷ್ಟೆ. ಕೆಟ್ಟರೆ ಯಾರು ಹೊಣೆ ಎಂಬ ಭಯ ಅವರಿಗೆ. ಮಿಸ್ ತಾವೇ ತುಮಕೂರಿನಲ್ಲಿ ಸಂಜೆ ಕ್ಲಾಸಿಗೆ ಸೇರಿ ಕಲಿತರು. ಮೂರು ತಿಂಗಳು ಬೆನ್ನುಬಿದ್ದ ಮೇಲೆ ಹೆಡ್ ಮೇಷ್ಟ್ರು ಒಂದು ಮಾತು ಕೊಟ್ಟರು: "ಇನ್ಸ್‌ಪೆಕ್ಷನ್‌ಗೆ ಸಾಹೇಬ್ರು ಬಂದಾಗ ಮಕ್ಳ ಕೈಲಿ ಏನಾದ್ರೂ ಮಾಡ್ಸಿ ತೋರ್ಸಿ. ಅವರು ಒಪ್ಪಿದ್ರೆ ಬೀಗದ ಕೈ ನಿಮ್ದು. ಇಲ್ದಿದ್ರೆ ಇನ್ನು ಕೇಳಂಗಿಲ್ಲ."

ಆ ದಿನ ಕರೆಂಟಿನ ಕೆಲಸ ನೋಡಿಕೊಳ್ಳಲು ನನ್ನನ್ನು ಕರೆದಿದ್ದರು. ತಯಾರಿಗೆಂದು ಬೀಗ ತೆಗೆದ ಒಂದು ವಾರದಲ್ಲಿ ಮಿಸ್, ಮಕ್ಕಳು ಸೇರಿ ಹಲಗೆಯ ಆಟವನ್ನೇ ಕಂಪ್ಯೂಟರಿಗೆ ತಂದಿದ್ದರು. ಪರದೆಯ ಮೇಲೆ ಪ್ರಶ್ನೆ, ಕೆಳಗೆ ನಾಲ್ಕು ಉತ್ತರ, ಮೂಲೆಯಲ್ಲಿ ಮಕ್ಕಳೇ ಬಿಡಿಸಿದ ಬಲ್ಬು. ಸಾಹೇಬರು ತಾವೇ ಕುಳಿತರು. ಜೇಡಕ್ಕೆ ಎಷ್ಟು ಕಾಲು? ಆರು ಎಂದು ಒತ್ತಿದರು. ಬಲ್ಬು ಹತ್ತಲಿಲ್ಲ.

ಹೆಡ್ ಮೇಷ್ಟ್ರು ಬೆವರು ಒರೆಸಿಕೊಂಡರು. ಆಗ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ಪರ್ವಾಗಿಲ್ಲ ಬಿಡಿ ಸಾರ್, ಅದು ಬೈಯಲ್ಲ. ಇನ್ನೊಂದ್ಸಲ ಒತ್ತಿ," ಎಂದಳು.

ಸಾಹೇಬರು ಗೊಳ್ಳನೆ ನಕ್ಕು ಎಂಟು ಒತ್ತಿದರು. ಬಲ್ಬು ಹತ್ತಿತು, ಮಕ್ಕಳ ಚಪ್ಪಾಳೆಗೆ ಹೆಂಚು ಹಾರುವಂತಾಯಿತು. "ಈ ರೂಮಿನ ಕೀ ಎಲ್ರೀ? ಮೇಡಂ ಕೈಗೆ ಕೊಡಿ," ಎಂದರು. ಮಿಸ್ ಆ ಕೀಯನ್ನು ತಾವು ಇಟ್ಟುಕೊಳ್ಳಲಿಲ್ಲ. ಬಾಗಿಲ ಪಕ್ಕ, ಮಕ್ಕಳ ಕೈಗೆ ಎಟಕುವ ಎತ್ತರದಲ್ಲಿ, ಮೊಳೆ ಹೊಡೆಸಿ ನೇತುಹಾಕಿದರು. ಆ ಮೊಳೆ ಹೊಡೆದವನು ನಾನೇ.

ಮುಂದೆ ಅವರಿಗೆ ಕುಣಿಗಲ್ ಕಡೆಗೆ ವರ್ಗವಾಯಿತು. ಬೀಳ್ಕೊಡಲು ತುಮಕೂರು ಬಸ್ ಸ್ಟ್ಯಾಂಡಿಗೆ ಹೋದೆ. ಹಳೆ ಸೀರೆಯಲ್ಲಿ ಸುತ್ತಿದ ಹಲಗೆ ಕಂಕುಳಲ್ಲಿತ್ತು.

"ಅಲ್ಲಿ ಕಂಪ್ಯೂಟರ್ ಇಲ್ವಂತೆ. ಇದ್ರಿಂದಲೇ ಶುರು," ಎಂದು ಸೀರೆ ಬಿಚ್ಚಿ ಹಲಗೆಯನ್ನು ನನ್ನ ಕಡೆ ತಿರುಗಿಸಿದರು. "ಇಷ್ಟು ವರ್ಷ ಇದರ ಹಿಂದೇನೇ ಇದ್ರಿ. ಒಂದ್ಸಲ ಮುಂದೆ ಬನ್ನಿ. ತಂತಿ ಬದಲಾಯ್ಸಿದೀನಿ, ಕಳ್ಳಾಟ ನಡೆಯಲ್ಲ."

ಶಿಂಷಾ ಹೊಳೆ ಯಾವ ನದಿಗೆ ಸೇರುತ್ತದೆ? ನಮ್ಮ ಜಿಲ್ಲೆಯ ಹೊಳೆ! ಧೈರ್ಯವಾಗಿ ತುಂಗಭದ್ರಾ ಮುಟ್ಟಿಸಿದೆ. ಹತ್ತಲಿಲ್ಲ. ಹಳೆಯ ಅಭ್ಯಾಸ, ಯಾರು ನಗುತ್ತಾರೆಂದು ಸುತ್ತ ನೋಡಿದೆ. ಯಾರೂ ನಗಲಿಲ್ಲ. ಮಿಸ್ ಬಸ್ಸಿನ ಬೋರ್ಡು ಓದುತ್ತಿದ್ದರು. ತಂತಿಯನ್ನು ಕಾವೇರಿಗೆ ಮುಟ್ಟಿಸಿದೆ.

ನಾನೇ ಕೂರಿಸಿದ ಬಲ್ಬು, ನನಗಾಗಿ ಮೊದಲ ಸಲ ಹತ್ತಿತು.

ಮಿಸ್ ಸರಿ ಎನ್ನಲಿಲ್ಲ. ಹಲಗೆ ಎತ್ತಿಕೊಂಡು ಬಸ್ಸು ಹತ್ತಿದರು.