ಎದುರು ಪಡೆಯ ತಮ್ಮ

ಇಂಡಿ ಊರಿನ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ವಯಸ್ಸು ನಲವತ್ತರ ಹತ್ತಿರ ಬಂತು. ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಕಂಪ್ಯೂಟರ್ ಮುಂದೆ ಕೂತರೆ ನಾನು ಹಸಿರು ನಿಲುವಂಗಿಯ ಮಂತ್ರಗಾತಿ. ಕೈಯಲ್ಲಿ ಕೋಲು, ಹಿಂದೆ ಒಂದು ಬಿಳಿ ತೋಳ. ಇದನ್ನು ಸ್ಟಾಫ್ ರೂಮಿನಲ್ಲಿ ಹೇಳುವ ಧೈರ್ಯ ಇನ್ನೂ ಬಂದಿಲ್ಲ. ಧಾರಾವಾಹಿ ನೋಡುತ್ತೇನೆ ಅಂದರೆ ಯಾರೂ ಏನೂ ಅನ್ನುವುದಿಲ್ಲ, ಆಟ ಆಡುತ್ತೇನೆ ಅಂದರೆ ಹುಬ್ಬೇರಿಸುತ್ತಾರೆ. ಅವರ ಹುಬ್ಬು ಅವರಿಗಿರಲಿ.

ಆ ಆಟ ಶುರುವಾದದ್ದು ಸಿಂದಗಿಯಲ್ಲಿ. ನಾನೂ ನನಗಿಂತ ಎರಡು ವರ್ಷ ಚಿಕ್ಕವನಾದ ತಮ್ಮನೂ ಅಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದೆವು. ಬಸ್ ಸ್ಟ್ಯಾಂಡ್ ಹಿಂದೆ ಒಂದು ನೆಟ್ ಸೆಂಟರ್ ಇತ್ತು. ಪರೀಕ್ಷೆಯ ರಿಸಲ್ಟ್ ನೋಡಲು ಹೋದವರು ಅಲ್ಲಿ ಆ ಲೋಕವನ್ನು ನೋಡಿಬಿಟ್ಟೆವು. ಸಮುದ್ರವನ್ನು ನಾನು ಮೊದಲು ಕಂಡದ್ದು ಅದರಲ್ಲೇ. ಬೆಟ್ಟದ ಮೇಲೆ ನಿಂತರೆ ಕೆಳಗೆ ನೀಲಿ ನೀರು, ದಂಡೆಯಲ್ಲಿ ಯಾವ ಯಾವುದೋ ದೇಶದ ಜನ ಕತ್ತಿ ಹಿಡಿದು, ಕುದುರೆ ಹತ್ತಿ ಓಡಾಡುತ್ತಿದ್ದರು. ಅವರೆಲ್ಲ ಆ ಕ್ಷಣದಲ್ಲಿ ಎಲ್ಲೋ ಒಂದು ಕುರ್ಚಿಯ ಮೇಲೆ ಕೂತ ನಿಜವಾದ ಮನುಷ್ಯರು. ನಾವು ಎದ್ದು ಮನೆಗೆ ಹೋದರೂ ಆ ಲೋಕ ನಡೆಯುತ್ತಲೇ ಇರುತ್ತದೆ ಅಂತ ಸೆಂಟರಿನವನು ಹೇಳಿದಾಗ ನನ್ನ ಮೈ ಜುಮ್ಮೆಂದಿತು. ಇಪ್ಪತ್ತು ವರ್ಷವಾಯಿತು, ಆ ಜುಮ್ಮು ಇನ್ನೂ ಇಳಿದಿಲ್ಲ.

ಆಟಕ್ಕೆ ಸೇರುವಾಗ ಒಂದು ಪಡೆ ಆರಿಸಬೇಕು. ಬೆಟ್ಟದವರು ಇಲ್ಲವೇ ಕಡಲಿನವರು. ಇಬ್ಬರಿಗೂ ಹುಟ್ಟಾ ವೈರ. ನಾನು ಬೆಟ್ಟ ಅಂದೆ. ತಮ್ಮ ಒಂದು ಗಳಿಗೆಯೂ ಯೋಚಿಸದೆ ಕಡಲು ಒತ್ತಿದ.

"ಯಾಕೋ, ಇಬ್ರೂ ಕೂಡಿ ಆಡೋಣಲ್ಲ?" ಅಂದೆ.

"ನೀ ಅಲ್ಲಿದ್ರ ನಾ ಇಲ್ಲಿ. ಇಲ್ಲಂದ್ರ ಏನ್ ಮಜಾ ಅಕ್ಕಾ?" ಅಂದ.

ಇದು ಎಲ್ಲಿಂದ ಬಂದ ಬುದ್ಧಿ ಅಂತ ನನಗೆ ಗೊತ್ತಿತ್ತು. ನಮ್ಮೂರು ಮಸೂತಿ, ಬಸವನ ಬಾಗೇವಾಡಿ ತಾಲೂಕು. ನಮ್ಮ ಕಡೆ ಹರದೇಶಿ-ನಾಗೇಶಿ ಅಂತ ಡಪ್ಪು ಬಾರಿಸುತ್ತ ಹಾಡುವ ಎರಡು ಮೇಳಗಳು. ಗಂಡು ಹೆಚ್ಚು ಅನ್ನುವುದು ಹರದೇಶಿ, ಹೆಣ್ಣು ಹೆಚ್ಚು ಅನ್ನುವುದು ನಾಗೇಶಿ. ಹಾಡಿನಲ್ಲೇ ಸವಾಲು, ಹಾಡಿನಲ್ಲೇ ಜವಾಬು. ಅಪ್ಪ ಹರದೇಶಿ, ಅವ್ವ ನಾಗೇಶಿ. ಹಾಡಿಕೆ ಕೇಳಲು ಹೋದರೆ ಅಪ್ಪ ತಮ್ಮನನ್ನು ಕರೆದುಕೊಂಡು ಆ ಕಡೆ, ಅವ್ವ ನನ್ನನ್ನು ಎಳೆದುಕೊಂಡು ಈ ಕಡೆ. ಮರುದಿನ ರೊಟ್ಟಿ ಬಡಿಯುತ್ತ ಅವ್ವ ನಾಗೇಶಿಯ ಸಾಲು ಎತ್ತುತ್ತಿದ್ದಳು, ಅಪ್ಪ ಹೊರಸಿನ ಮೇಲಿಂದಲೇ ತಿರುಗೇಟು ಕೊಡುತ್ತಿದ್ದ. ಆ ಜಗಳ ಇಲ್ಲದ ದಿನ ಯಾರಿಗೋ ಹುಷಾರಿಲ್ಲ ಅಂತಲೇ ನಾವು ತಿಳಿಯುತ್ತಿದ್ದೆವು.

ಆಟದಲ್ಲಿ ಒಂದು ವಿಚಿತ್ರ ನಿಯಮವಿದೆ. ಎದುರು ಪಡೆಯವರ ಮಾತು ನಮಗೆ ತಿಳಿಯುವುದಿಲ್ಲ. ಅವರು ಏನು ಬರೆದರೂ ಪರದೆಯ ಮೇಲೆ ಅಡ್ಡಾದಿಡ್ಡಿ ಅಕ್ಷರಗಳಾಗಿ ಕಾಣುತ್ತದೆ. ಮಾಡಬಹುದಾದದ್ದು ಸನ್ನೆ ಮಾತ್ರ: ಕೈ ಬೀಸುವುದು, ಬಾಗುವುದು, ನೆಲದ ಮೇಲೆ ಕೂಡುವುದು. ಎರಡೂ ಪಡೆಗಳ ಗಡಿಯಲ್ಲಿ ಒಂದು ಹಳೆಯ ಕಲ್ಲಿನ ಸೇತುವೆ ಇದೆ. ನಾನೂ ತಮ್ಮನೂ ಅಲ್ಲೇ ಭೇಟಿಯಾಗುತ್ತಿದ್ದೆವು. ಮೊದಲು ಬಂದವರು ಸೇತುವೆಯ ನಡುವೆ ನೆಲದ ಮೇಲೆ ಕೂಡಬೇಕು. ಎರಡನೆಯವರು ಬಂದು ಎದುರಿಗೆ ಕೂಡಬೇಕು. ಇಬ್ಬರೂ ಕೂತು, ಇಬ್ಬರೂ ಎದ್ದ ಮೇಲೆಯೇ ಹೊಡೆದಾಟ. ಕೂತವರ ಮೇಲೆ ಕೈ ಮಾಡುವಂತಿಲ್ಲ. ಇದನ್ನು ಆಟ ಮಾಡಿದವರು ಬರೆದಿಲ್ಲ, ನಾವೇ ಮಾಡಿಕೊಂಡದ್ದು. ನಮ್ಮನ್ನು ನೋಡಿ ಬೇರೆಯವರೂ ಹಾಗೇ ಕೂಡಲು ಶುರು ಮಾಡಿದರು. ಒಂದು ದಿನ ಆ ಸೇತುವೆಯ ಮೇಲೆ ಎರಡೂ ಪಡೆಯ ಮೂವತ್ತು ನಲವತ್ತು ಮಂದಿ ಎದುರುಬದುರಾಗಿ ಸುಮ್ಮನೆ ಕೂತಿದ್ದನ್ನು ಕಂಡೆ. ಒಬ್ಬರ ಭಾಷೆ ಒಬ್ಬರಿಗೆ ಬಾರದು, ಒಬ್ಬರ ಊರು ಒಬ್ಬರಿಗೆ ಗೊತ್ತಿಲ್ಲ. ಮೌಸಿನ ಮೇಲಿದ್ದ ನನ್ನ ಕೈ ಅಲ್ಲೇ ನಿಂತುಹೋಯಿತು. ಮನುಷ್ಯರು ಇಷ್ಟು ಚಂದ ಅಂತ ನನಗೆ ಯಾರೂ ಹೇಳಿರಲಿಲ್ಲ.

ಓದು ಮುಗಿಯಿತು, ಮದುವೆಗಳಾದವು. ತಮ್ಮ ಮುದ್ದೇಬಿಹಾಳದಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಹಾಕಿದ. ಅಪ್ಪ ತೀರಿದ ಮೇಲೆ ಅವ್ವ ಅವನ ಹತ್ತಿರವೇ ಇದ್ದಳು. ಕೊನೆಯ ಎರಡು ವರ್ಷ ಹಾಸಿಗೆ ಹಿಡಿದಾಗ ಅವಳನ್ನು ಎತ್ತಿ ಕೂಡಿಸಿದವನು, ತಲೆ ಬಾಚಿದವನು ಅವನೇ. ನಾನು ರಜೆಯಲ್ಲಿ ಹೋಗಿ ಹಣ್ಣು ಕೊಟ್ಟು ಬರುತ್ತಿದ್ದೆ.

ಅವ್ವ ಹೋದ ದಿನ ನಾನು ಅತ್ತು ಅತ್ತು ದನಿ ಕಳೆದುಕೊಂಡಿದ್ದೆ. ತಮ್ಮ ಮಾತ್ರ ಟೆಂಟಿನವನಿಗೆ ಫೋನು, ಹೂವಿನವನಿಗೆ ಫೋನು, ಬಂದವರಿಗೆ ಚಹಾ ಅಂತ ಓಡಾಡುತ್ತಿದ್ದ. ನನಗೆ ಎಲ್ಲಿತ್ತೋ ಸಿಟ್ಟು. ನೆರೆದ ಬೀಗರ ಎದುರೇ, "ಇವನ ಕಣ್ಣಾಗ ಒಂದ್ ಹನಿ ನೀರಿಲ್ಲ ನೋಡ್ರಿ" ಅಂದುಬಿಟ್ಟೆ. ಅವನು ನನ್ನನ್ನು ಒಮ್ಮೆ ನೋಡಿ, ಕೈಯಲ್ಲಿದ್ದ ಫೋನನ್ನು ಜೇಬಿಗಿಟ್ಟು ಹೊರಗೆ ಹೋದ. ಅಂದಿನಿಂದ ನನ್ನ ಜೊತೆ ಮಾತು ಬಿಟ್ಟ. ತಪ್ಪು ನನ್ನದು ಅಂತ ವಾರದೊಳಗೇ ಗೊತ್ತಾಯಿತು. ಆದರೆ ನಾನು ಅವ್ವನ ಮಗಳು, ಸೋತೆ ಅನ್ನಲು ಬಾಯಿ ಬರಲಿಲ್ಲ.

ಆದರೂ ಭಾನುವಾರ ಮಧ್ಯಾಹ್ನ ಸೇತುವೆಯ ಮೇಲೆ ಅವನು ಬರುತ್ತಿದ್ದ. ಕೂಡುತ್ತಿದ್ದ. ನಾನೂ ಕೂಡುತ್ತಿದ್ದೆ. ಎದ್ದು ಹೊಡೆದಾಡುತ್ತಿದ್ದೆವು. ಅದಷ್ಟೇ ನಮ್ಮ ನಡುವೆ ಉಳಿದ ನಂಟು.

ಹೀಗಿರುವಾಗ ಆಟದ ಕಂಪನಿಯವರು ಎಲ್ಲ ಆಟಗಾರರಿಗೆ ಒಂದು ಪ್ರಶ್ನೆ ಕಳಿಸಿದರು. ಇಷ್ಟು ವರ್ಷ ಎರಡು ಪಡೆಗಳ ಯುದ್ಧವೇ ಆಟದ ಜೀವ. ಇನ್ನೂ ಅದೇ ಇರಬೇಕೇ, ಅಥವಾ ಸಂಧಾನ ಮಾಡಿಸಿ, ಭಾಷೆ ಒಂದು ಮಾಡಿ, ಎಲ್ಲರೂ ಕೂಡಿ ಆಡುವಂತಾಗಬೇಕೇ? ನನಗೆ ಕುಣಿಯುವಷ್ಟು ಖುಷಿ. ಪಡೆ ಒಂದಾದರೆ ತಮ್ಮ ಬರೆದದ್ದು ನನಗೆ ಓದಲು ಬರುತ್ತದೆ, ನಾನು ಬರೆದದ್ದು ಅವನಿಗೆ. ಫೋನಿನಲ್ಲಿ ಆಡಲಾರದ ಮಾತನ್ನು ಅಲ್ಲಿ ಆಡಿಬಿಡಬಹುದು. ಸಂಧಾನ ಬೇಕು ಅಂತ ಉದ್ದ ಉತ್ತರ ಬರೆಯಲು ಕೂತೆ. ಅಷ್ಟರಲ್ಲಿ ತಮ್ಮನ ಹೆಂಡತಿಯ ಫೋನು ಬಂತು. ಅಕ್ಕ-ತಮ್ಮನ ಟಪಾಲು ಹೊತ್ತು ಹೊತ್ತು ಅವಳಿಗೆ ಸಾಕಾಗಿತ್ತು.

"ಅಕ್ಕಾರ, ಅದೇನೋ ಆಟದಾಗ ಸಂಧಾನ ಅಂತಲ್ಲ. ಹಂಗೇನರ ಆದ್ರ ಇವ್ರು ಆಟಾನ ಬಿಡ್ತಾರಂತ್ರಿ. ನಿಮಗ ಹೇಳು ಅಂದ್ರು."

ನನ್ನ ಪಕ್ಕದಲ್ಲಿ ನಿಲ್ಲುವುದಕ್ಕಿಂತ ಆಟ ಬಿಡುವುದೇ ವಾಸಿ ಅನ್ನುವಷ್ಟು ದ್ವೇಷವೇ ಇವನಿಗೆ? ಬರೆಯುತ್ತಿದ್ದ ಉತ್ತರವನ್ನು ಅರ್ಧಕ್ಕೇ ಬಿಟ್ಟೆ.

ಅವ್ವನ ವರ್ಷದ ಕಾರ್ಯ ಮಸೂತಿಯಲ್ಲಿ ಇಟ್ಟುಕೊಂಡೆವು. ಅಡುಗೆ, ಪೆಂಡಾಲು ಅವನ ಪಾಲಿಗೆ, ಹಾಡಿಕೆ ನನ್ನ ಪಾಲಿಗೆ. ಇಂಥ ದಿನ ಭಜನೆ ಇಡುವುದು ರೂಢಿ. ಆದರೆ ನಮ್ಮವ್ವ ಭಜನೆಗೆ ಕೂತರೆ ತೂಕಡಿಸುತ್ತಿದ್ದಳು, ಡಪ್ಪಿನ ಸದ್ದಿಗೆ ಮಾತ್ರ ನೆಟ್ಟಗೆ ಕೂಡುತ್ತಿದ್ದಳು. ಅದಕ್ಕೇ ಲಚ್ಯಾಣದ ಹತ್ತಿರದ ಹಳ್ಳಿಯ ನಾಗೇಶಿ ಮೇಳವನ್ನು ಕರೆಸಿದೆ. ಅವ್ವನ ದಿನ ಸವಾಲು ಜವಾಬಿನ ಜಗಳ ಬೇಡ, ಅವ್ವನ ಕಡೆಯವರು ಮಾತ್ರ ಹಾಡಿ ಹೋಗಲಿ ಅಂತ ಹರದೇಶಿಯವರಿಗೆ ಹೇಳಲೇ ಇಲ್ಲ. ಎಂಥ ಜಾಣತನ ಮಾಡಿದೆ ಅಂತ ಒಳಗೊಳಗೇ ಬೀಗಿದ್ದೆ ಕೂಡ.

ಊಟ ಮುಗಿದು ಮೂರರ ಹೊತ್ತಿಗೆ ಮೇಳ ಕೂತಿತು. ಮುಖ್ಯ ಹಾಡುಗಾರ್ತಿ ಅರವತ್ತು ದಾಟಿದವಳು. ಇಳಕಲ್ ಸೀರೆ, ಹಣೆಯ ತುಂಬ ವಿಭೂತಿ. ಪೆಂಡಾಲಿನವರು ರೂಢಿಯಂತೆ ಎದುರಿಗೂ ಹಾಸಿದ್ದ ಖಾಲಿ ಜಮಖಾನೆಯನ್ನು ನೋಡಿ ನನ್ನನ್ನು ಕರೆದಳು.

"ಅಕ್ಕಾರ, ಹರದೇಶಿಯವ್ರು ಇನ್ನೂ ಬಂದಿಲ್ಲೇನ್ರಿ?"

"ಅವ್ರನ್ನ ಕರಿಸಿಲ್ರಿ ಆಯಿ. ನೀವಷ್ಟ ಹಾಡ್ರಿ."

ಅವಳು ಡಪ್ಪನ್ನು ತೊಡೆಯಿಂದ ಇಳಿಸಿ ಪಕ್ಕಕ್ಕಿಟ್ಟಳು. "ಮತ್ತ ನಾ ಯಾರಿಗೆ ಹಾಡ್ಲಿ? ಈ ಗ್ವಾಡಿಗೇನ್ರಿ?" ಅಂತ ಎದುರಿನ ಗೋಡೆಯತ್ತ ಕೈ ಮಾಡಿದಳು.

ನಾನು ಏನೋ ಸಮಾಧಾನ ಹೇಳಲು ಹೋದೆ. ಅವಳು ಕೇಳಲಿಲ್ಲ. "ನಲವತ್ತು ವರ್ಷ ಆತ್ರಿ ಹಾಡಾಕತ್ತು. ಎದುರಿನಾಂವ ಸವಾಲ್ ಹಾಕ್ತಾನ, ಅದಕ್ಕ ನನ್ನ ಬಾಯಾಗ ಹಾಡು ಬರ್ತೈತಿ. ಅವ ಇಲ್ಲಂದ್ರ ನನ್ನ ಬಾಯಾಗ ಏನೂ ಇಲ್ರಿ. ಹೋದ ವರ್ಷ ಅವ ದವಾಖಾನಿಗೆ ಬಿದ್ದಿದ್ದ. ದಿನಾ ಬುತ್ತಿ ಕಟಗೊಂಡು ಹೋಗಿ, ಲಗೂನ ಏಳೋ ಮಾರಾಯಾ, ನನ್ನ ದನಿ ಕೆಡಾಕತ್ತೈತಿ ಅಂತಿದ್ನಿ. ಜಗಳಾ ಅಂದ್ರ ಸಿಟ್ಟು ಅಂತ ತಿಳ್ಕೊಂಡೀರಿ ನೀವು. ಎದುರಿಗೆ ಒಬ್ರು ಬಂದು ಕುಂತ್ರಲ್ಲ, ಅದು ದೊಡ್ಡದ್ರಿ."

ಇಷ್ಟು ದೊಡ್ಡ ಮಾತನ್ನು ಬಿಸಿಲಿನ ಬಗ್ಗೆ ಹೇಳುವ ಹಾಗೆ ಹೇಳಿ, ಎಲೆ ಅಡಿಕೆಯ ಸಂಚಿ ಬಿಚ್ಚಿದ ಆ ಮುದುಕಿಯನ್ನು ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ನಾಚಿಕೆಯೂ ಆಯಿತು, ಬೆರಗೂ ಆಯಿತು. ತಮ್ಮ ಯಾಕೆ ಸಂಧಾನ ಬೇಡ ಅಂದ ಅನ್ನುವುದೂ ಆಗಲೇ ಹೊಳೆಯಿತು. ಯುದ್ಧ ನಿಂತರೆ ಪ್ರತಿ ಭಾನುವಾರ ನನ್ನ ಎದುರಿಗೆ ಬಂದು ಕೂಡಲು ಅವನಿಗೆ ಯಾವ ನೆವ ಉಳಿಯುತ್ತಿತ್ತು?

ಅಷ್ಟರಲ್ಲಿ ಅಡುಗೆಯ ಕಡೆಯಿಂದ ತಮ್ಮ ಕೈ ಒರೆಸಿಕೊಳ್ಳುತ್ತ ಬಂದ. ಹಿಮ್ಮೇಳದವರ ಹತ್ತಿರ ಇನ್ನೊಂದು ಡಪ್ಪು ಕೇಳಿ ತೆಗೆದುಕೊಂಡು ಖಾಲಿ ಜಮಖಾನೆಯ ಮೇಲೆ ಒಬ್ಬನೇ ಕೂತ. ಚಿಕ್ಕಂದಿನಲ್ಲಿ ಅಪ್ಪ ಕಲಿಸಿದ್ದು ಕೈಯಲ್ಲಿ ಉಳಿದಿತ್ತು. ದನಿ ಮಾತ್ರ ಹಳೆಯ ಟ್ರ್ಯಾಕ್ಟರಿನದು. ಬೀಜ ಹೆಚ್ಚೋ ನೆಲ ಹೆಚ್ಚೋ ಅಂತ ಅವನು ಹಾಡಿ ಕೇಳಿದ್ದೇ ತಡ, ಮುದುಕಿ ಎಲೆಯನ್ನು ಒಂದು ದವಡೆಗೆ ಸರಿಸಿ ಎದ್ದೇ ನಿಂತಳು. ಅರವತ್ತರ ಆ ಮೈಯಲ್ಲಿ ಎಲ್ಲಿತ್ತೋ ಆ ದನಿ! ನೆಲವಿಲ್ಲದ ಬೀಜ ಇಲಿಯ ಪಾಲು ಅಂತ ಅವಳು ಏರಿಸಿ ಹಾಡಿದಾಗ ಹೆಂಗಸರೆಲ್ಲ ಕೇಕೆ ಹಾಕಿದರು. ನನ್ನ ಕಣ್ಣಿಗೆ ಪೆಂಡಾಲಿನ ಮೂಲೆಯಲ್ಲಿ ಅವ್ವ ನೆಟ್ಟಗೆ ಕೂತಂತೆಯೇ ಕಂಡಿತು.

ಎರಡು ಸುತ್ತು ಆದ ಮೇಲೆ ತಮ್ಮ ತಲೆ ತಗ್ಗಿಸಿದ. ಡಪ್ಪಿನ ಮೇಲೆ ಬೆರಳಷ್ಟೇ ಆಡಿಸುತ್ತ, ಯಾರೂ ಕೇಳಿರದ ಸಾಲೊಂದನ್ನು ತೆಗೆದ.

"ಕಣ್ಣೀರ ಸುರಿಸಿ ಅತ್ತಾಕಿ ದೊಡ್ಡಾಕೇನ,
ಕಣ್ಣೀರ ನುಂಗಿ ನಿಂತಾಂವ ಸಣ್ಣಾಂವೇನ?
ಜವಾಬ ಹೇಳ ನನ್ನ ಎದುರ ಮ್ಯಾಳದಾಕಿ."

ಮುದುಕಿ ಬಾಯಿ ತೆರೆದವಳು ಹಾಗೇ ನಿಂತಳು. ಅವನನ್ನು ನೋಡಿದಳು, ಆಮೇಲೆ ಹೆಂಗಸರ ನಡುವೆ ಕೂತ ನನ್ನನ್ನು ನೋಡಿದಳು. "ಇದು ನನಗ ಕೇಳಿದ್ದಲ್ಲ. ಏಳ್ರಿ ಅಕ್ಕಾರ," ಅಂದಳು.

ನನಗೆ ಹಾಡಲು ಬಾರದು. ಎದ್ದು ಹೋಗಿ ಎರಡು ಜಮಖಾನೆಗಳ ನಡುವಿನ ಬರಿ ನೆಲದ ಮೇಲೆ ಅವನಿಗೆ ಎದುರಾಗಿ ಕೂತೆ. ಮೊಣಕಾಲ ಮೇಲೆ ಕೈಯಿಟ್ಟು, ಬೆನ್ನು ನೆಟ್ಟಗೆ ಮಾಡಿ, ನನ್ನ ಮಂತ್ರಗಾತಿ ಸೇತುವೆಯ ಮೇಲೆ ಕೂಡುವ ಹಾಗೆ. ಜನಕ್ಕೆ ಏನೂ ಅರ್ಥವಾಗಲಿಲ್ಲ. ಅವನಿಗೆ ಆಯಿತು. ಡಪ್ಪನ್ನು ಕೆಳಗಿಟ್ಟು ಜಮಖಾನೆಯಿಂದ ಇಳಿದು ಬಂದು ನನ್ನ ಎದುರಿಗೆ ನೆಲದ ಮೇಲೆ ಕೂತ.

"ನಾ ಆಡಿದ್ದು ತಪ್ಪಾತೋ ತಮ್ಮಾ," ಅಂದೆ.

"ಜವಾಬು ಹಾಡಿನಾಗ ಕೊಡಬೇಕು. ಇಲ್ಲಂದ್ರ ಸೋತಂಗ."

"ಸೋತ್ನಿ."

"ಹಂಗಾರ ಏಳು, ಚಹಾ ಕುಡಿ," ಅಂದ. ಒಂದು ವರ್ಷದ ಮೇಲೆ ಕೇಳಿದ ದನಿ ಅದು.

ಇಂಡಿಗೆ ಬಂದು ಅರ್ಧಕ್ಕೆ ಬಿಟ್ಟ ಉತ್ತರವನ್ನು ಅಳಿಸಿ ಹೊಸದಾಗಿ ಬರೆದೆ. ಕೂಡಿ ಆಡಬೇಕೆನ್ನುವವರಿಗೆ ಬೇರೊಂದು ಬಾಗಿಲು ಇಡಿ, ಆದರೆ ಎರಡು ಪಡೆಗಳನ್ನು ಅಳಿಸಬೇಡಿ, ಎದುರಿಗೊಬ್ಬರು ಇರಲಿ. ನೆಲದ ಮೇಲೆ ಕೂಡುವ ಸನ್ನೆಯನ್ನಂತೂ ಯಾವ ಕಾರಣಕ್ಕೂ ತೆಗೆಯಬೇಡಿ. ನಮ್ಮ ಕಡೆಯ ಹಾಡಿಕೆಯ ಬಗ್ಗೆಯೂ ನಾಲ್ಕು ಸಾಲು ಬರೆದೆ. ಓದಿದವರು ಯಾವ ದೇಶದವರೋ, ಎಷ್ಟು ತಿಳಿಯಿತೋ ಗೊತ್ತಿಲ್ಲ. ಅವರು ಇನ್ನೂ ತೀರ್ಮಾನ ಹೇಳಿಲ್ಲ.

ಮೊನ್ನೆ ಭಾನುವಾರ ಊಟ ಮುಗಿಸಿ ಸೇತುವೆಗೆ ಹೋದೆ. ಅವನು ಆಗಲೇ ಬಂದು ಕೂತಿದ್ದ. ನಾನೂ ಕೂತೆ. ಇಬ್ಬರೂ ಎದ್ದೆವು. ಎಂಟು ಏಟಿನಲ್ಲಿ ನನ್ನನ್ನು ಮಲಗಿಸಿದ, ತೋಳವನ್ನೂ ಬಿಡಲಿಲ್ಲ. ಪರದೆ ಬೂದಿ ಬಣ್ಣಕ್ಕೆ ತಿರುಗುವಷ್ಟರಲ್ಲಿ ಫೋನು ಬಂತು.

"ಅಕ್ಕಾ, ಸತ್ತೀ?"

"ಸತ್ನಿ."

"ಊಟ ಆತೇನ?"

ಆಗಿತ್ತು. ಆದರೂ ಇಲ್ಲ ಅಂದೆ, ಮಾತು ಇನ್ನಷ್ಟು ಉದ್ದವಾಗಲಿ ಅಂತ.